ಶಿಶುವಿನ ನೋವು, ಹಿರಿಯರ ಕರುಣೆ

ಪರರ ನೋವು ಯಾರಿಗೂ ಪ್ರತ್ಯಕ್ಷವಲ್ಲ. ಅದನ್ನು ಲಿಂಗದಿಂದ, ಅಂದರೆ ಹೊರಗೆ ತೋರುವ ಗುರುತಿನಿಂದ, ಊಹಿಸಿಯೇ ತಿಳಿಯಬೇಕೆಂಬುದು ನ್ಯಾಯದರ್ಶನದ ನಿಲುವು. ಮಾತು ಬಲ್ಲವರ ವಿಷಯದಲ್ಲಿ ಅವರ ಹೇಳಿಕೆಯೂ ನೆರವಿಗೆ ಬರುತ್ತದೆ, ಹಾಲುಗೂಸಿನ ಮುಂದೆ ಆ ನೆರವಿಲ್ಲ. ಆದ್ದರಿಂದ ಶಿಶುವಿಗೆ ಜ್ವರದ ಔಷಧ ಕುಡಿಸುವುದೆಂದರೆ, ಒಬ್ಬರು ಮಾಡಿದ ಊಹೆಯ ಫಲವನ್ನು ಒಪ್ಪಿಗೆ ಕೊಡಲಾರದ ಇನ್ನೊಂದು ದೇಹ ಉಣ್ಣುವುದು ಎಂದೇ ಅರ್ಥವಾಗುತ್ತದೆ.

ಈ ಕಷ್ಟವನ್ನು ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಬಾಲಚಿಕಿತ್ಸೆಗೆ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಒಂದು ಭಾಗವೇ ಇದ್ದು, ತಲೆನೋವಿದ್ದರೆ ಕೂಸು ತಲೆಯನ್ನು ಅಲುಗಿಸಿ ಕಣ್ಣು ಮುಚ್ಚುತ್ತದೆ, ಕಿವಿನೋವಿದ್ದರೆ ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತದೆ ಎಂಬಂಥ ಲಕ್ಷಣಗಳನ್ನು ಅದು ಗುರುತಿಸುತ್ತದೆ. ಬರಿಯ ಅಳು ಮಾತ್ರ ಸವ್ಯಭಿಚಾರ ಹೇತು, ಎಂದರೆ ಸಾಧಿಸಬೇಕಾದ ಸಂಗತಿ ಇರುವಲ್ಲೂ ಇಲ್ಲದಲ್ಲೂ ಕಾಣಿಸಿಕೊಂಡು ನಿರ್ಣಯಕ್ಕೆ ಒದಗದ ಗುರುತು. ಹಸಿವೆಗೂ ನಿದ್ದೆಗೂ ಒದ್ದೆ ಬಟ್ಟೆಗೂ ಕೂಸು ಅಳುತ್ತದೆ. ಗುರುತುಗಳನ್ನೇ ತಳ್ಳಿಹಾಕಿದ ಎದುರು ದಿಕ್ಕಿನ ತಪ್ಪೂ ನಡೆದಿದೆ, ಅದೂ ವಿಜ್ಞಾನದ ಹೆಸರಿನಲ್ಲಿ: ನವಜಾತ ಶಿಶುವಿಗೆ ನೋವಿನ ಅರಿವು ಅಷ್ಟಾಗಿ ಇರದೆಂಬ ನಂಬಿಕೆಯಿಂದ, 20ನೆಯ ಶತಮಾನದ ಬಹುಭಾಗ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಅನೇಕ ಶಿಶುಗಳಿಗೆ ಸಾಕಷ್ಟು ನೋವುನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತೀಯ ಮೂಲದ ವೈದ್ಯ ಕೆ. ಜೆ. ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಸಂಶೋಧನೆಗಳು ಆ ನಂಬಿಕೆಯ ಬುಡವನ್ನು ಅಲುಗಿಸಿದವು.

ಹೀಗೆ ನೋವನ್ನು ಅಲ್ಲಗಳೆಯುವುದು ಕ್ರೌರ್ಯ. ಆದರೆ ಮರುಗುವ ಮನಸ್ಸೂ ತಪ್ಪಬಲ್ಲದು. 5ನೆಯ ಶತಮಾನದ ಬೌದ್ಧ ಆಚಾರ್ಯ ಬುದ್ಧಘೋಷನು ವಿಶುದ್ಧಿಮಗ್ಗವೆಂಬ ಗ್ರಂಥದಲ್ಲಿ ಕರುಣೆಗೆ ಇಬ್ಬರು ಶತ್ರುಗಳನ್ನು ಹೇಳುತ್ತಾನೆ: ಕ್ರೌರ್ಯವು ದೂರದ ಶತ್ರು, ಸಂಸಾರದ ಮಮತೆಯಿಂದ ಹುಟ್ಟುವ ದುಃಖವು ಹತ್ತಿರದ ಶತ್ರು. ಎರಡನೆಯದು ಕರುಣೆಯಂತೆಯೇ ಕಾಣುವುದರಿಂದ ಹೆಚ್ಚು ಅಪಾಯಕಾರಿ. ಜ್ವರಮಾಪಕದ ಅಂಕಿ ಕಂಡು ಕಂಗೆಟ್ಟ ಹಿರಿಯರು, ಹಾಲು ಕುಡಿದು ಹಾಯಾಗಿ ಮಲಗಿದ ಕೂಸನ್ನು ಎಬ್ಬಿಸಿ ಔಷಧ ಕುಡಿಸಿದರೆ ಅಲ್ಲಿ ಶಮನವಾಗುವುದು ಯಾರ ಸಂಕಟ? ಜ್ವರವು ಬಹುಪಾಲು ಸೋಂಕಿನ ವಿರುದ್ಧ ದೇಹ ಹೂಡುವ ಪ್ರತಿಕ್ರಿಯೆಯಾಗಿದ್ದು, ಔಷಧದ ಗುರಿ ಅಂಕಿಯನ್ನು ಇಳಿಸುವುದಲ್ಲ, ಮಗುವಿನ ಬಾಧೆಯನ್ನು ತಗ್ಗಿಸುವುದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಸ್ಪಷ್ಟಪಡಿಸಿತು.

ಕರುಣೆಗೆ ಮಾತ್ರೆ, ಅಂದರೆ ಪ್ರಮಾಣ, ಬೇಕಾಗುವುದು ಇಲ್ಲಿಯೇ. ಪ್ಯಾರಸಿಟಮಾಲನ್ನು ವಯಸ್ಸಿನಿಂದಲ್ಲ, ತೂಕದಿಂದ ಅಳೆಯುತ್ತಾರೆ: ಕಿಲೋಗೆ 10ರಿಂದ 15 ಮಿಲಿಗ್ರಾಂ, 4ರಿಂದ 6 ಗಂಟೆಗಳ ಅಂತರದಲ್ಲಿ, 24 ಗಂಟೆಗಳಲ್ಲಿ 4 ಬಾರಿ ಮೀರದಂತೆ. 6 ಕಿಲೋ ತೂಗುವ ಕೂಸಿಗೆ ಒಮ್ಮೆಗೆ 60ರಿಂದ 90 ಮಿಲಿಗ್ರಾಂ ಆಯಿತು. ಭಾರತದಲ್ಲಿ ಮಾರುವ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇದ್ದರೆ, 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ಪಿನ ಒಂದು ಮಿಲಿಲೀಟರಿನಲ್ಲಿ ಇರುವುದು 25 ಮಾತ್ರ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದ ಕೈ ನಾಲ್ಕು ಪಟ್ಟು ಔಷಧ ಕೊಟ್ಟಿರುತ್ತದೆ, ಅದರ ಭಾರ ಯಕೃತ್ತಿನ ಮೇಲೆ ಬೀಳುತ್ತದೆ. ಅಡುಗೆಮನೆಯ ಚಮಚವಂತೂ ಅಳತೆಯೇ ಅಲ್ಲ. ತಾಯಿ ಕುಡಿಸಿದ್ದನ್ನು ಅರಿಯದೆ ಅಜ್ಜಿಯೂ ಕುಡಿಸುವ ತುಂಬಿದ ಮನೆಯಲ್ಲಿ, ಕೊಟ್ಟ ಹೊತ್ತನ್ನು ಬರೆದಿಡುವ ಒಂದು ಚೀಟಿ ಎಷ್ಟೋ ಅಕ್ಕರೆಗಿಂತ ಮೇಲು. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. 12 ವರ್ಷದೊಳಗಿನವರಿಗೆ ನಿಮೆಸುಲೈಡನ್ನು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿದೆ. ಐಬುಪ್ರೊಫೆನ್ ಆರು ತಿಂಗಳೊಳಗೆ ವೈದ್ಯರು ಹೇಳದೆ ಕೂಡದು.

ಜ್ವರದ ಔಷಧವು ರೋಗವನ್ನು ಹಾಗೆಯೇ ಉಳಿಸಿ ಅದರ ಲಿಂಗವನ್ನಷ್ಟೇ ಅಳಿಸಬಲ್ಲದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮನೆಯಲ್ಲಿ ಔಷಧ ಕೊಟ್ಟು ಕಾಯದೆ ಕೂಡಲೇ ವೈದ್ಯರಿಗೆ ತೋರಿಸಬೇಕೆಂಬ ನಿಯಮಕ್ಕೆ ಇದೂ ಒಂದು ಕಾರಣ, ಏಕೆಂದರೆ ಆ ವಯಸ್ಸಿನಲ್ಲಿ ಗಂಭೀರ ಸೋಂಕು ಜ್ವರವೊಂದನ್ನೇ ಗುರುತಾಗಿ ತೋರಬಹುದು. ದೊಡ್ಡ ಶಿಶುಗಳಲ್ಲಿಯೂ ಜ್ವರ ಇಳಿಯಿತೆಂಬುದಷ್ಟರಿಂದ ರೋಗ ಹಗುರವೆಂದು ನಿರ್ಣಯಿಸಲಾಗದು. ಮೊಲೆ ಹಿಡಿಯದಿರುವುದು, ಏದುಸಿರು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಯಾವುದು ಕಂಡರೂ, ಜ್ವರ ಇಳಿದಿರಲಿ ಇಲ್ಲದಿರಲಿ, ಕೂಸನ್ನು ಆಸ್ಪತ್ರೆಗೆ ಒಯ್ಯಲೇಬೇಕು.