ದಾವೆ ಹುಟ್ಟಿದ ಕೋರ್ಟಿಗೇ ಮರಳಲಿ

ರಿಮಾಂಡ್ ಎಂದೊಡನೆ ಕನ್ನಡ ಪತ್ರಿಕೆ ಓದಿ ಬೆಳೆದವರಿಗೆ ಆರೋಪಿಯನ್ನು ಜೈಲಿಗೆ ಕಳಿಸುವುದು ನೆನಪಾಗುತ್ತದೆ. ಅಮೆರಿಕದ ಸಿವಿಲ್ ವ್ಯಾಜ್ಯಗಳಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ: ಫೆಡರಲ್ ಕೋರ್ಟಿಗೆ ಒಯ್ದ ದಾವೆಯನ್ನು ಅದು ಹುಟ್ಟಿದ ರಾಜ್ಯ ಕೋರ್ಟಿಗೆ ಹಿಂದಿರುಗಿಸುವುದು. ಭಾರತದಲ್ಲಿ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಇರುವುದು ಒಂದೇ ಏಣಿ. ಅಮೆರಿಕದಲ್ಲಿ ಏಣಿಗಳು ಎರಡು. ವಾದಿ ರಾಜ್ಯ ಕೋರ್ಟಿನಲ್ಲಿ ಹೂಡಿದ ದಾವೆಯನ್ನು ಪ್ರತಿವಾದಿ ಸಾಮಾನ್ಯವಾಗಿ 30 ದಿನಗಳೊಳಗೆ ಫೆಡರಲ್ ಕೋರ್ಟಿಗೆ ಒಯ್ಯಬಹುದು. ಅದಕ್ಕೆ ಬಹುಮಟ್ಟಿಗೆ ಎರಡು ದಾರಿ: ಫೆಡರಲ್ ಕಾನೂನಿನ ಪ್ರಶ್ನೆ ಇರಬೇಕು, ಇಲ್ಲವೇ ಉಭಯ ಪಕ್ಷದವರು ಬೇರೆ ಬೇರೆ ರಾಜ್ಯದವರಾಗಿದ್ದು ಮೊತ್ತ 75,000 ಡಾಲರ್ ಮೀರಿರಬೇಕು. ಫೆಡರಲ್ ಕೋರ್ಟಿಗೆ ವಿಚಾರಣೆಯ ಅಧಿಕಾರವೇ ಇಲ್ಲದಿದ್ದರೆ ದಾವೆ ಮರಳಲೇಬೇಕು. ಈ ಮರಳಿಕೆ ಸಾಮಾನ್ಯ ವಾದಿಯ ಪಾಲಿಗೆ ದೊಡ್ಡ ರಕ್ಷಣೆ ಎಂಬುದು ನನ್ನ ವಾದ.

ಕೋರ್ಟು ಬದಲಾದರೆ ಫಲವೂ ಬದಲಾಗಬಹುದು. ಕ್ಯಾಲಿಫೋರ್ನಿಯಾದ ರಾಜ್ಯ ಕೋರ್ಟಿನಲ್ಲಿ ಸಿವಿಲ್ ದಾವೆ ಗೆಲ್ಲಲು 12 ಜ್ಯೂರಿ ಸದಸ್ಯರಲ್ಲಿ 9 ಮಂದಿ ಒಪ್ಪಿದರೆ ಸಾಕು. ಫೆಡರಲ್ ಕೋರ್ಟಿನಲ್ಲಿ ಸಾಮಾನ್ಯವಾಗಿ ಎಲ್ಲರೂ ಒಪ್ಪಬೇಕು. ಆದ್ದರಿಂದಲೇ ಈ ಹಗ್ಗಜಗ್ಗಾಟ. ಮಿಸ್ಸೋರಿಯಲ್ಲಿ ನಾಯಿಯ ಆಹಾರ ಕೊಂಡ ಮಹಿಳೆಯೊಬ್ಬರು, ಔಷಧವೇ ಇಲ್ಲದ ಆಹಾರಕ್ಕೆ ಪಶುವೈದ್ಯರ ಚೀಟಿ ಬೇಕೆಂದು ಹೇಳಿ ಹೆಚ್ಚು ಬೆಲೆ ವಸೂಲು ಮಾಡಿದ್ದಾರೆಂದು ರಾಯಲ್ ಕ್ಯಾನಿನ್ ಕಂಪನಿಯ ಮೇಲೆ ರಾಜ್ಯ ಕೋರ್ಟಿಗೆ ಹೋದರು. ಕಂಪನಿ ಅದನ್ನು ಫೆಡರಲ್ ಕೋರ್ಟಿಗೆ ಒಯ್ದಿತು. ಆಕೆ ದಾವಾಪತ್ರ ತಿದ್ದಿ ಫೆಡರಲ್ ಕಾನೂನಿನ ಮಾತನ್ನೆಲ್ಲ ತೆಗೆದರು. ಉಳಿದದ್ದು ರಾಜ್ಯದ ಕಾನೂನು ಮಾತ್ರವಾದ್ದರಿಂದ ದಾವೆ ರಾಜ್ಯ ಕೋರ್ಟಿಗೇ ಸೇರಬೇಕೆಂದು 2025ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಎಲೆನಾ ಕೇಗನ್.

ಇದು ಅನುಕೂಲದ ಕೋರ್ಟು ಹುಡುಕುವ ಉಪಾಯ ಎಂಬ ಆಕ್ಷೇಪವಿದೆ. ಆದರೆ ಆ ವಾದಿ ಬೆಲೆ ತೆತ್ತಿದ್ದಾರೆ: ಫೆಡರಲ್ ಹಕ್ಕೊತ್ತಾಯವನ್ನೇ ಬಿಟ್ಟುಕೊಟ್ಟಿದ್ದಾರೆ. ಉಪಾಯಕ್ಕೆ ಮಿತಿಯೂ ಉಂಟು. ಫೆಡರಲ್ ಕೋರ್ಟಿಗೆ ಹೋದಮೇಲೆ ಮೊತ್ತವನ್ನು ಇಳಿಸಿದ ಮಾತ್ರಕ್ಕೆ ದಾವೆ ಮರಳುವುದಿಲ್ಲ ಎಂದು 1938ರಲ್ಲೇ ತೀರ್ಮಾನವಾಗಿದೆ. ರಾಜ್ಯ ಕೋರ್ಟು ಹೊರಗಿನವರಿಗೆ ನ್ಯಾಯ ಕೊಡದೇನೋ ಎಂಬ ಅಳುಕು ಹುರುಳಿಲ್ಲದ್ದಲ್ಲ. ಬೇರೆ ರಾಜ್ಯದವರಿಗೆ ಫೆಡರಲ್ ಬಾಗಿಲು ತೆರೆದಿರುವುದೇ ಅದಕ್ಕಾಗಿ. ಆದರೆ ಅದೇ ರಾಜ್ಯದಲ್ಲಿ ನೆಲೆನಿಂತವರನ್ನು ಕಾನೂನು ಹೊರಗಿನವರೆಂದು ಎಣಿಸುವುದಿಲ್ಲ. ಗ್ರೀನ್ ಕಾರ್ಡ್ ಪಡೆದು ಟೆಕ್ಸಾಸಿನಲ್ಲಿ ನೆಲೆಸಿದ ಕನ್ನಡಿಗರಿಗೂ ಅಲ್ಲಿಯೇ ವಾಸವಿರುವ ಅಮೆರಿಕನ್ ಪ್ರಜೆಗೂ ವ್ಯಾಜ್ಯ ಬಂದರೆ, ಭಾರತದ ಪಾಸ್‌ಪೋರ್ಟ್ ಇದೆಯೆಂಬ ಕಾರಣಕ್ಕೆ ಅದು ಫೆಡರಲ್ ಕೋರ್ಟಿನ ಮೆಟ್ಟಿಲೇರದು. ಊರಿನ ಕೋರ್ಟು ನಮ್ಮದೂ ಹೌದು ಎಂದು ಕಾನೂನು ಒಪ್ಪಿದೆ. ಆ ಹಕ್ಕನ್ನು ನಾವು ಅರಿತಿರಬೇಕು.