ಯಾರು ಎಳೆಯುತ್ತಿರುವುದು?

ನಾಲ್ಕನೇ ತರಗತಿಯಲ್ಲಿ ಆಯಸ್ಕಾಂತದ ಪಾಠಕ್ಕೆ ನಾನು ಸೀಮೆಸುಣ್ಣ ಮುಟ್ಟುವುದಿಲ್ಲ. ಹಳೆಯ ಸ್ಪೀಕರಿನಿಂದ ಕಳಚಿದ ಆಯಸ್ಕಾಂತದ ಮೇಲೆ ಕಾಗದ ಹಾಸಿ, ಗ್ರಿಲ್ ಅಂಗಡಿಯಿಂದ ತಂದ ಕಬ್ಬಿಣದ ಪುಡಿ ಉದುರಿಸಿ, ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಪುಡಿ ಸಾಲುಗಟ್ಟಿ ನಿಲ್ಲುತ್ತದೆ. "ಮಿಸ್, ಯಾರು ಎಳೀತಿರೋದು? ದೇವರಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಹೌದು ಎನ್ನಲು ನನ್ನ ಭಕ್ತಿಯೇ ಅಡ್ಡ ಬರುತ್ತದೆ. ಸೂಜಿ ಆಯಸ್ಕಾಂತದತ್ತ ಸರಿಯುವುದಕ್ಕೆ ಕಾಣದ ಕಾರಣವೊಂದಿದೆ ಎಂದು ನಮ್ಮ ಪ್ರಾಚೀನ ವೈಶೇಷಿಕ ಸೂತ್ರಗಳು ಹೇಳಿದವು. 1820ರಲ್ಲಿ ವಿಜ್ಞಾನಿ ಓರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳಿದ್ದನ್ನು ಕಂಡ. ಆ ಕಾರಣದ ಒಂದು ಎಳೆ ಕೈಗೆ ಸಿಕ್ಕಿತು. ನಮಗೆ ತಿಳಿಯದ ಜಾಗದಲ್ಲೆಲ್ಲ ದೇವರನ್ನು ಕೂರಿಸುತ್ತ ಹೋದರೆ, ಅವನನ್ನು ಅಲ್ಲಿಂದ ಎಬ್ಬಿಸಲು ಒಂದು ಸೆಲ್ಲು, ಒಂದು ಮೊಳ ತಂತಿ ಸಾಕು. ಅಂಥ ದೇವರನ್ನು ಮಕ್ಕಳ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಪುಡಿಯ ಸಾಲುಗಳು ತೋರಿಸುವ ಬಲರೇಖೆಗಳ ಕಲ್ಪನೆ ಕೊಟ್ಟ ವಿಜ್ಞಾನಿ ಫ್ಯಾರಡೆ ಒಂದು ಸಣ್ಣ ಕ್ರೈಸ್ತ ಪಂಗಡದ ಹಿರಿಯನೂ ಆಗಿದ್ದ, ತುಂಬು ಭಕ್ತ. ಆದರೂ ಉತ್ತರಕ್ಕಾಗಿ ಪ್ರಯೋಗದ ಮೇಜಿಗೇ ಹೋದ. ನನಗೆ ಹಿಡಿಸುವುದು ಆ ದಾರಿ.

ಮಗುವಿಗೆ ಹೇಳುತ್ತೇನೆ: "ದೇವರ ವಿಷಯ ಅಜ್ಜಿ ಹತ್ರ ಕೇಳು, ನಾನೂ ಹೇಳ್ತೀನಿ. ಈಗ ಕಾಗದ ತೆಗೆದು ರಟ್ಟು ಇಡು. ಎಷ್ಟು ದಪ್ಪದವರೆಗೆ ಎಳೆಯುತ್ತೆ, ನೋಡೋಣ."