ಚಳಿಗಾಲದ ಅತಿಥಿ

ಚಳಿಗೆ ಹೆದರಿ ಊರು ಬಿಡುವ ಮಾತು ನಮ್ಮ ಕಡೆಯವರಿಗೆ ವಿಚಿತ್ರವಾಗಿ ಕಂಡೀತು. ನಮಗೆ ಮಾಗಿಯೆಂದರೆ ಅವರೆಕಾಯಿಯ ಕಾಲ. ಒಂದು ಶಾಲು ಹೊದ್ದರೆ ಮುಗಿಯಿತು. ಆದರೆ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುವ ಉತ್ತರ ಯೂರೋಪಿನಲ್ಲಿ ಚಳಿಗಾಲವೆಂಬುದು ಬೇರೆಯೇ ಪದಾರ್ಥ. ಅಲ್ಲಿನ ಅನುಕೂಲಸ್ಥರು ಸುಮಾರು ಇನ್ನೂರೈವತ್ತು ವರ್ಷಗಳಿಂದ ಬಿಸಿಲನ್ನು ಅರಸಿಕೊಂಡು ಮೆಡಿಟರೇನಿಯನ್ ಸಮುದ್ರತೀರಕ್ಕೆ ಹೋಗುತ್ತಿದ್ದಾರೆ. ಯಾವ ತೀರವನ್ನು ಆರಿಸಿಕೊಳ್ಳಬೇಕೆಂಬುದು ಮೇಲುನೋಟಕ್ಕೆ ಬರಿಯ ಅನುಕೂಲದ ಪ್ರಶ್ನೆ. ಅದರೊಳಗೆ ಧರ್ಮದ ಪ್ರಶ್ನೆಯೂ ಒಂದು ಅಡಗಿದೆಯೆಂದು ನನಗೆ ಈಚೆಗೆ ತೋರಿತು.

ನಮ್ಮ ಸೋದರಮಾವನವರು ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದು ನಿವೃತ್ತರಾದವರು. ಅಲ್ಲಿಯ ಪೌರತ್ವ ಪಡೆದವರು. ಅತ್ತೆಗೆ ಕೀಲುನೋವು. ಚಳಿಗಾಲವನ್ನು ಬೆಚ್ಚನೆಯ ಕಡೆ ಕಳೆಯಬೇಕೆಂದು ನೀಸ್, ಮಯೋರ್ಕಾ, ಮಾಲಗ ಎಂಬ ಮೂರು ಹೆಸರುಗಳ ಮುಂದೆ ಬಿಸಿಲು, ಬಾಡಿಗೆ, ಆಸ್ಪತ್ರೆ ಎಂದು ಗೆರೆ ಎಳೆದು ಒಂದು ಪಟ್ಟಿ ಕಳುಹಿಸಿ, "ನೀನು ಪುಸ್ತಕ ಓದುವವನು, ಹೇಳು ನೋಡೋಣ" ಎಂದಿದ್ದರು. ಕನ್ನಡದ ಮೇಷ್ಟರನ್ನು ಇಂಥ ಪ್ರಶ್ನೆ ಕೇಳುವ ಧೈರ್ಯ ಸೋದರಮಾವಂದಿರಿಗೆ ಮಾತ್ರ ಇರುತ್ತದೆ.

ಪಟ್ಟಿಗೆ ಉತ್ತರ ಕೊಡುವುದು ಕಷ್ಟವಲ್ಲ. ಜನವರಿಯ ಹಗಲಿನಲ್ಲಿ ನೀಸ್ ಸುಮಾರು 13 ಡಿಗ್ರಿ ಸೆಲ್ಸಿಯಸ್, ಮಯೋರ್ಕಾದ ಪಾಲ್ಮಾ 15, ಮಾಲಗ 17. ಆ ಸೀಮೆಯಲ್ಲಿ ಬೇಸಗೆ ಒಣಗಿರುತ್ತದೆ, ಮಳೆ ಬರುವುದು ಬೇಸಗೆ ಕಳೆದ ಮೇಲೆ. ಸೆಕೆಯನ್ನು ತಡೆಯಲೆಂದು ಕಟ್ಟಿದ ಹಳೆಯ ಕಲ್ಲುಮನೆಗಳು ಜನವರಿಯಲ್ಲಿ ಹೊರಗಿನ ಬಯಲಿಗಿಂತ ತಣ್ಣಗಿರುವುದೂ ಉಂಟು. ಬ್ರಿಟನ್ನು ಯೂರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ, 2021ರಿಂದ, ಅಲ್ಲಿಯ ಪ್ರಜೆಗಳು ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ಆ ತೀರಗಳಲ್ಲಿ ಉಳಿಯಬಹುದು. ಇಷ್ಟು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಮಾವನವರ ಪಟ್ಟಿಯಲ್ಲಿ ಆ ಊರುಗಳ ಜನಕ್ಕೆಂದು ಗೆರೆ ಎಳೆದಿರಲಿಲ್ಲ.

ನೀಸ್ ನಗರದ ಕಡಲಂಚಿನಲ್ಲಿ 'ಇಂಗ್ಲಿಷರ ವಿಹಾರಪಥ' ಎಂಬ ಅರ್ಥದ ಹೆಸರುಳ್ಳ ಪ್ರಸಿದ್ಧ ರಸ್ತೆಯೊಂದಿದೆ. 1820ರ ದಶಕದ ಮೊದಲಲ್ಲಿ ಕಡುಚಳಿ ಬಿದ್ದು ಬಡವರು ಭಿಕ್ಷೆಗಿಳಿದಾಗ, ಲೂಯಿಸ್ ವೇ ಎಂಬ ಇಂಗ್ಲಿಷ್ ಪಾದ್ರಿ ತನ್ನವರಿಂದ ಚಂದಾ ಎತ್ತಿ, ಅವರಿಗೆ ಕೂಲಿ ಕೊಟ್ಟು, ಅಲ್ಲಿ ಕಾಲುದಾರಿ ಮಾಡಿಸಿದ. ಹಸಿದವರಿಗೆ ಅನ್ನವಾಯಿತು, ನಿಜ. ಆದರೆ ಆ ದಾರಿಯಲ್ಲಿ ಸಂಜೆಯ ಹೊತ್ತು ಗಾಳಿ ಸೇವಿಸುತ್ತ ನಡೆದವರು ಯಾರು? ಚಂದಾ ಕೊಟ್ಟವರೇ! ಇದನ್ನು ಸ್ವಾರ್ಥವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದಾನವೆಂದು ಹೊಗಳಲೂ ನಾಲಗೆ ಏಳುವುದಿಲ್ಲ.

ಮಯೋರ್ಕಾದ ಕಥೆ ಇನ್ನೂ ತೊಡಕಿನದು. 1838ರ ನವೆಂಬರಿನಲ್ಲಿ ಪೋಲೆಂಡಿನ ಸಂಗೀತಗಾರ ಶೊಪಾನ್, ಫ್ರೆಂಚ್ ಲೇಖಕಿ ಜಾರ್ಜ್ ಸ್ಯಾಂಡ್ ಮತ್ತು ಆಕೆಯ ಇಬ್ಬರು ಮಕ್ಕಳು ಆ ದ್ವೀಪಕ್ಕೆ ಬಂದಿಳಿದರು. ಶೊಪಾನನ ಆರೋಗ್ಯಕ್ಕೆ ಬಿಸಿಲು ಬೇಕಾಗಿತ್ತು. ಕೆಲವು ದಿನ ಬಿಸಿಲೂ ಇತ್ತು. ಆಮೇಲೆ ಮಳೆ ಹಿಡಿಯಿತು, ಕೆಮ್ಮು ಹೆಚ್ಚಿತು. ಕ್ಷಯವೆಂಬ ಸುದ್ದಿ ಹಬ್ಬಿದೊಡನೆ ಮನೆಯ ಯಜಮಾನ ಮನೆ ಬಿಡಿಸಿದ. ಗೋಡೆಗೆ ಸುಣ್ಣ ಹೊಡೆಸುವ ಖರ್ಚನ್ನೂ ಅವರ ತಲೆಗೇ ಕಟ್ಟಿದ. ಅವರು ಬೆಟ್ಟದ ಮೇಲಿನ ವಾಲ್ಡೆಮೋಸಾ ಎಂಬ ಹಳ್ಳಿಯ ಪಾಳು ಮಠದಲ್ಲಿ ಕೋಣೆಗಳನ್ನು ಹಿಡಿದರು. ಮದುವೆಯಾಗದ ಜೋಡಿ, ಇಗರ್ಜಿಗೆ ಹೋಗದವರು, ಮೇಲೆ ಈ ರೋಗ: ಹಳ್ಳಿಯವರು ಹತ್ತಿರ ಸುಳಿಯಲಿಲ್ಲ. ಆ ಚಳಿಯಲ್ಲಿಯೇ ಶೊಪಾನ್ ತನ್ನ ಇಪ್ಪತ್ತನಾಲ್ಕು 'ಪ್ರೆಲ್ಯೂಡ್'ಗಳನ್ನು ಮುಗಿಸಿದ. ಫೆಬ್ರವರಿಯಲ್ಲಿ ಅವರು ದ್ವೀಪ ಬಿಟ್ಟರು. ಬಳಿಕ ಸ್ಯಾಂಡ್ ಬರೆದ ಪುಸ್ತಕದಲ್ಲಿ ದ್ವೀಪದ ಚೆಲುವಿಗೆ ಹೊಗಳಿಕೆ, ದ್ವೀಪದ ಜನಕ್ಕೆ ಬೈಗುಳ.

ಅದನ್ನು ಓದಿದವರಿಗೆ ಮರುಕ ಹುಟ್ಟುವುದು ಮಹಾಪ್ರತಿಭೆಯ ರೋಗಿಯ ಮೇಲೆ, ಸಹಜವೇ. ಆದರೆ ಕ್ಷಯವು ಅಂಟುರೋಗವೆಂದು ಸ್ಪೇನಿನವರು ನಂಬಿದ್ದರು. ಪ್ಯಾರಿಸಿನ ಕಡೆಯ ತಿಳಿದವರು ಅದನ್ನು ಮೂಢನಂಬಿಕೆಯೆಂದರು. 1882ರಲ್ಲಿ ಬರ್ಲಿನ್ನಿನ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದಾಗ, ಸರಿಯಿದ್ದವರು ಆ 'ಅನಾಗರಿಕ'ರೇ ಎಂದಾಯಿತು. ಅವರ ನಡತೆಯಲ್ಲಿ ದಯೆ ಕಡಿಮೆಯಿದ್ದಿರಬಹುದು, ವಿವೇಕ ಕಡಿಮೆಯಿರಲಿಲ್ಲ. ತಮ್ಮ ಮಕ್ಕಳ ಎದೆಯನ್ನು ಕಾಯುವ ಹಕ್ಕು ಅವರಿಗಿಲ್ಲವೆ? ರೋಗಿಗೆ ಬಿಸಿಲು ಬೇಕು, ಒಪ್ಪಿದೆ. ಆ ಬಿಸಿಲಿನಲ್ಲಿ ಹುಟ್ಟಿ ಬೆಳೆದವರು ಅವನ ಔಷಧದ ಸೀಸೆಗೆ ಅಂಟಿಸಿದ ಚೀಟಿಯಲ್ಲ. ಸ್ಯಾಂಡ್ ಎಡವಿದ್ದು ಇಲ್ಲಿಯೇ ಎಂದು ನನ್ನ ಎಣಿಕೆ.

ಈಗ ಆ ಹಳ್ಳಿಯವರು ಶೊಪಾನ್ ಇದ್ದ ಮಠವನ್ನು ಪ್ರವಾಸಿಗಳಿಗೆ ತೋರಿಸುತ್ತಾರೆ. ಆದರೆ ಅತಿಥಿಯಿಂದ ತಗಲುವ ಬಾಧೆ ಹೋಗಿಲ್ಲ, ರೂಪ ಬದಲಾಯಿಸಿದೆ. 2024ರ ಬೇಸಗೆಯಲ್ಲಿ ಪಾಲ್ಮಾದಲ್ಲಿ, ಮಾಲಗದಲ್ಲಿ ಸಾವಿರಾರು ಜನ ಬೀದಿಗಿಳಿದು, ತಮ್ಮ ಊರಿನಲ್ಲಿ ತಮಗೇ ಮನೆ ಸಿಗುವುದಿಲ್ಲವೆಂದು ಕೂಗಿದರು. ಅಲ್ಲಿ ಕೆಲವು ಮನೆಗಳನ್ನು ಸೆಪ್ಟೆಂಬರಿನಿಂದ ಜೂನಿನವರೆಗೆ ಮಾತ್ರ ಬಾಡಿಗೆಗೆ ಕೊಟ್ಟು, ಬೇಸಗೆಗೆ ಪ್ರವಾಸಿಗಳಿಗಾಗಿ ತೆರವು ಮಾಡಿಸುವ ಪದ್ಧತಿಯಿದೆ. ಪರಊರಿನಿಂದ ವರ್ಗವಾಗಿ ಬಂದ ಶಾಲಾಮಾಸ್ತರನಿಗೆ ದಕ್ಕುವುದು ಇಂಥ ಮನೆಯೇ. ಚಳಿಗಾಲದ ಅತಿಥಿ ಹೆಚ್ಚು ಬಾಡಿಗೆ ಕೊಟ್ಟು ಹಿಡಿಯುವುದೂ ಇದನ್ನೇ! ನಾನೂ ಮೇಷ್ಟರಾದ್ದರಿಂದ ಈ ಮಾತಿನಲ್ಲಿ ಪಕ್ಷಪಾತವಿದ್ದರೆ ಓದುಗರು ಕ್ಷಮಿಸಬೇಕು.

"ನಾನೊಬ್ಬ ಹೋಗದಿದ್ದರೆ ಬಾಡಿಗೆ ಇಳಿಯುತ್ತದೆಯೆ?" ಎಂದು ಕೇಳಬಹುದು. ಇಳಿಯುವುದಿಲ್ಲ. ಆದರೆ ನಾನೊಬ್ಬ ಹೋದುದರಿಂದ ಒಬ್ಬನಿಗೆ ಮನೆ ತಪ್ಪುವುದಂತೂ ಇದ್ದೇ ಇದೆ. ಹಾಗಾದರೆ ಕೀಲುನೋವಿನ ಮುದುಕಿ ಮಂಜಿನಲ್ಲೇ ನರಳಬೇಕೆ? ಅದೂ ನ್ಯಾಯವಲ್ಲ. ನಮ್ಮ ಯತಿಗಳು ಮಳೆಗಾಲದಲ್ಲಿ ಒಂದೆಡೆ ನಿಂತು ಚಾತುರ್ಮಾಸ್ಯ ನಡೆಸುವುದಕ್ಕೆ ಹೇಳುವ ಕಾರಣ ಇಲ್ಲಿ ನೆನಪಾಗುತ್ತದೆ: ತಿರುಗಾಡಿದರೆ ಕಾಲಡಿಯ ಹುಳುಹುಪ್ಪಟೆಗಳಿಗೆ ಹಿಂಸೆಯಾದೀತೆಂದು. ಎಲ್ಲಿ ಎಷ್ಟು ದಿನ ಇರಬೇಕೆಂಬ ಲೆಕ್ಕದಲ್ಲಿ ಕಾಲಡಿಯವರೂ ಸೇರಿದ್ದರು.

ಮಯೋರ್ಕಾದ ಹೋಟೆಲುಗಳಲ್ಲಿ ಬಹಳಷ್ಟು ಚಳಿಗಾಲದಲ್ಲಿ ಮುಚ್ಚುತ್ತವೆ. ಅಲ್ಲಿ ದುಡಿಯುವವರಿಗೆ ಆ ತಿಂಗಳುಗಳ ಸಂಬಳವಿಲ್ಲ. ತೆರೆದಿರುವ ಹೋಟೆಲಿನಲ್ಲಿ ಕೋಣೆ ಹಿಡಿದವನು ಯಾರ ಮನೆಯನ್ನೂ ಕಸಿದಂತಾಗುವುದಿಲ್ಲ, ನಾಲ್ವರ ಸಂಬಳಕ್ಕೂ ಆದೀತು. ಹೀಗಾಗಿ ನನ್ನ ಮತ ಮಾಲಗದ ಕಡೆಗೆ. ಅದು ದೊಡ್ಡ ಬಂದರು, ಚಳಿಗಾಲದಲ್ಲೂ ತನ್ನ ಪಾಡಿಗೆ ದುಡಿಯುವ ಊರು, ಬಿಸಿಲೂ ಹೆಚ್ಚು. ಮನೆ ಬೇಡ, ಹೋಟೆಲಿನ ಕೋಣೆ ಸಾಕು. ಆದರೆ ಹೋಟೆಲಿನ ಕೋಣೆಯಲ್ಲಿ ಒಲೆಯಿರುವುದು ಅಪರೂಪ. ಎಷ್ಟೋ ವರ್ಷಗಳಿಂದ ಪರದೇಶದಲ್ಲಿದ್ದೂ ದಿನವೂ ತನ್ನ ಕೈಯಾರೆ ಸಾರು ಕುದಿಸಿದ ಹೆಂಗಸಿಗೆ ಮೂರು ತಿಂಗಳು ಒಲೆಯಿಲ್ಲವೆಂದರೆ, ಅದು ಪುಸ್ತಕ ಓದುವವನು ದೂರದಲ್ಲಿ ಕುಳಿತು ಭಾವಿಸಿದಷ್ಟು ಸಣ್ಣ ಬೆಲೆಯಲ್ಲ.